ಉಣುಗು ಹೆಕ್ಕಿದವರು, ಉಪ್ಪಿನಕಾಯಿ ಪರೀಕ್ಷಿಸಿದಾಕೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೈರಸ್‌ಗಳ ಬೆನ್ನು ಹತ್ತಿದವರ ಬಗ್ಗೆ, ಔಷಧ ಹುಡುಕಿದವರ ಬಗ್ಗೆ ಇವೆ. ಖುಷಿ ಆಯ್ತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮೈಕ್ರೋಬಯಾಲಜಿ ಪಾಠ ಮಾಡಿ ನಿವೃತ್ತಳಾದವಳು, ಔಷಧ ಬರೆದುಕೊಡುವ ಡಾಕ್ಟರ್ ಅಲ್ಲ. 'ನನಗೆ ಯಾವ ಮಾತ್ರೆ ಒಳ್ಳೆಯದು' ಎಂದು ಕೇಳಿದವರು ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಪ್ರ: ಮಂಗನ ಕಾಯಿಲೆ ಶುರುವಾದ ಕಾಲದಲ್ಲಿ ಅಮೆರಿಕದವರು ಜೀಪಿನಲ್ಲಿ ಬಂದು ಕಾಡಿನಲ್ಲಿ ಸತ್ತ ಮಂಗ ಹುಡುಕುತ್ತಿದ್ದರು ಎಂದು ನಮ್ಮಜ್ಜ ಹೇಳುತ್ತಿದ್ದರು. ಕಾಯಿಲೆ ತಂದವರೂ ಅವರೇ ಎಂಬ ಮಾತು ನಮ್ಮ ಕಡೆ ಇವತ್ತಿಗೂ ಇದೆ. ನಿಜ ಏನು?
(ಅಡಿಕೆ ಬೆಳೆಗಾರರೊಬ್ಬರು, ಸಾಗರ ತಾಲ್ಲೂಕು)

ಉ: ನಿಮ್ಮಜ್ಜ ಹೇಳಿದ ಮೊದಲ ಅರ್ಧ ಸರಿ. ಎರಡನೇ ಅರ್ಧ ಊರಿನ ಮಾತು.

ಪುಣೆಯಲ್ಲಿ 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದು. ಈಗ ನಾವು ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ) ಎನ್ನುವುದು ಅದನ್ನೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಯ ಜನಕ್ಕೂ ಕೆಟ್ಟ ಜ್ವರ ಬರುತ್ತಿದೆ ಎಂಬ ಸುದ್ದಿ ಅಲ್ಲಿಗೆ ಮುಟ್ಟಿತು. ಆಗ ಕೇಂದ್ರದ ಮುಖ್ಯಸ್ಥರಾಗಿದ್ದವರು ಟೆಲ್‌ಫೋರ್ಡ್ ವರ್ಕ್. ಜೊತೆಗೆ ಹೆರಾಲ್ಡ್ ಟ್ರಾಪಿಡೋ, ನಮ್ಮ ದೇಶದ ಕೀಟತಜ್ಞ ಟಿ. ರಾಮಚಂದ್ರ ರಾವ್ ಇದ್ದರು. ರಾವ್ ಮುಂದೆ ಆ ಕೇಂದ್ರದ ನಿರ್ದೇಶಕರೂ ಆದರು.

ಅವರು ಓಡೋಡಿ ಬಂದದ್ದಕ್ಕೆ ಕಾರಣ ಇತ್ತು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಮಂಗಗಳು ಉದುರತೊಡಗಿದರೆ ಹಳದಿ ಜ್ವರ ಬಂತು ಎಂದೇ ಲೆಕ್ಕ. ಭಾರತಕ್ಕೆ ಹಳದಿ ಜ್ವರ ಯಾವತ್ತೂ ಬಂದಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಮನೆಮನೆಯ ನೀರಿನ ತೊಟ್ಟಿಯಲ್ಲೂ ಇದೆ. ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಮಂಗಗಳಿಂದಲೂ ರೋಗಿಗಳಿಂದಲೂ ತೆಗೆದ ಮಾದರಿಯನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ ಬೇರ್ಪಡಿಸಿ ನೋಡಿದರೆ, ಅದು ಹಳದಿ ಜ್ವರ ಅಲ್ಲವೇ ಅಲ್ಲ. ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ ಒಂದಿದೆ, ಅದರ ದಾಯಾದಿ. ಅದು ಸೊಳ್ಳೆಯಿಂದ ಬರುವುದಲ್ಲ, ಉಣುಗಿನಿಂದ. ಮರದ ಮೇಲೆ ಸೊಳ್ಳೆ ಹುಡುಕಬೇಕಾದವರು ನೆಲದ ಮೇಲೆ ಉಣುಗು ಹುಡುಕಬೇಕಾಯಿತು.

ಹೇಗೆ ಹುಡುಕುತ್ತಾರೆ ಗೊತ್ತಾ? ಒಂದು ಬಿಳಿ ಬಟ್ಟೆಯನ್ನು ಕಾಡಿನ ತರಗೆಲೆಯ ಮೇಲೆ ಎಳೆದುಕೊಂಡು ಹೋಗುವುದು. ಯಾವುದೋ ಪ್ರಾಣಿ ಬಂತು ಎಂದುಕೊಂಡು ಉಣುಗುಗಳು ಬಟ್ಟೆಗೆ ಹತ್ತುತ್ತವೆ. ಅಷ್ಟಷ್ಟು ದೂರಕ್ಕೊಮ್ಮೆ ನಿಂತು, ಬಟ್ಟೆ ಮಗುಚಿ, ಚಿಮಟದಲ್ಲಿ ಒಂದೊಂದನ್ನೇ ಹೆಕ್ಕಿ ಸೀಸೆಗೆ ಹಾಕಬೇಕು. ಸಾಸಿವೆಗಿಂತ ಸಣ್ಣವು ಇರುತ್ತವೆ. ಮರಿ ಯಾವುದು, ದೊಡ್ಡದು ಯಾವುದು, ಯಾವ ಜಾತಿಯದು ಎಂದು ಬೇರ್ಪಡಿಸಿ, ಎಲ್ಲಿಂದ ಹೆಕ್ಕಿದ್ದು ಎಂದು ಚೀಟಿ ಬರೆಯಬೇಕು. ಇದನ್ನು ವರ್ಷಗಟ್ಟಲೆ ಮಾಡಿದ್ದಾರೆ. ಹೆಕ್ಕಿದವರಲ್ಲಿ ನಮ್ಮ ಕಡೆಯ ಎಷ್ಟೋ ಜನ ದಿನಗೂಲಿಯವರೂ ಕೆಳಹಂತದ ನೌಕರರೂ ಇದ್ದರು. ಅವರ ಹೆಸರು ಯಾವ ಪ್ರಬಂಧದ ತಲೆಯ ಮೇಲೂ ಬರಲಿಲ್ಲ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗೇ ಮುಖ್ಯ ಆರೋಪಿ ಎಂದು ತೀರ್ಮಾನವಾದದ್ದು ಈ ಹೆಕ್ಕಾಟದಿಂದಲೇ.

ಇನ್ನೊಬ್ಬರ ಹೆಸರು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹೋರ್ಹೆ ಬೋಷೆಲ್, ಕೊಲಂಬಿಯಾ ದೇಶದವರು. ಅಲ್ಲಿ ಕೂಲಿಗಳು ಮರ ಕಡಿದು ಬೀಳಿಸಿದಾಗ ಮೇಲಿನ ಕೊಂಬೆಗಳಲ್ಲಿದ್ದ ನೀಲಿ ಸೊಳ್ಳೆಗಳು ಕೆಳಗೆ ಬಂದು ಜನರನ್ನು ಮುತ್ತುವುದನ್ನು ಕಂಡವರು. ಕಾಡಿನ ಹಳದಿ ಜ್ವರ ಮನುಷ್ಯನಿಗೆ ಹೇಗೆ ತಗಲುತ್ತದೆ ಎಂಬ ಗಂಟು ಅಲ್ಲಿ ಬಿಚ್ಚಿಕೊಂಡಿತು. ಅದೇ ಬೋಷೆಲ್ ಆಮೇಲೆ ನಮ್ಮ ಮಲೆನಾಡಿಗೆ ಬಂದು ಕೆಲಸ ಮಾಡಿದರು. ಕಾಡು ಕಡಿದು ಗದ್ದೆ ಮಾಡಿ, ಕಾಡಂಚಿನಲ್ಲಿ ದನ ಮೇಯಲು ಬಿಟ್ಟಿದ್ದರಿಂದ ಉಣುಗಿಗೆ ಹಬ್ಬವಾಯಿತು ಎಂಬ ವಾದವನ್ನು 1969ರಲ್ಲಿ ಮುಂದಿಟ್ಟರು. ದನದ ಮೈಯಲ್ಲಿ ವೈರಸ್ ಬೆಳೆಯುವುದು ಕಡಿಮೆ. ಆದರೆ ದೊಡ್ಡ ಉಣುಗಿಗೆ ದನವೇ ಊಟ. ಊಟ ಸಿಕ್ಕರೆ ಮರಿಗಳಿಗೆ ಬರವೇ?

ಮಂಗ ಸತ್ತರೆ ಅದರ ಮೈಯ ಉಣುಗುಗಳು ಅಲ್ಲೇ ಉದುರುತ್ತವೆ. ಅದಕ್ಕೇ ಮಂಗ ಸತ್ತ ಜಾಗದ ಸುತ್ತ ಪುಡಿ ಹೊಡೆಯುವುದು, ಅತ್ತ ಸುಳಿಯಬೇಡಿ ಎಂದು ಆರೋಗ್ಯ ಇಲಾಖೆಯವರು ಬಡಿದುಕೊಳ್ಳುವುದು. ನಿಮ್ಮ ಅರಳಗೋಡಿನಲ್ಲಿ 2018–19ರಲ್ಲಿ ಈ ಕಾಯಿಲೆ ಹಬ್ಬಿದಾಗ ಆದದ್ದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು 'ಅವರೇ ತಂದರು' ಎಂಬ ಮಾತು. 1970ರ ದಶಕದಲ್ಲಿ ವಿದೇಶಿ ಹಣದ ಸಂಶೋಧನೆಯ ಬಗ್ಗೆ ದೆಹಲಿಯವರೆಗೆ ಅನುಮಾನ ಎದ್ದಿತ್ತು, ಅದು ಸುಳ್ಳಲ್ಲ. ಆದರೆ ಕಾಯಿಲೆ ಬಂದ ಮೇಲೆ ಜೀಪು ಬಂತು, ಜೀಪು ಬಂದ ಮೇಲೆ ಕಾಯಿಲೆ ಅಲ್ಲ. ಇದೇ ವೈರಸ್ಸಿನ ಒಡಹುಟ್ಟು ಎನ್ನಬಹುದಾದ ಇನ್ನೊಂದು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕಿದೆ. ಈ ಮನೆತನ ಹಳೆಯದು. ಅಂದಹಾಗೆ, ಈ ವೈರಸ್ ಇಟ್ಟುಕೊಂಡು ಕೆಲಸ ಮಾಡಿದ ಲ್ಯಾಬಿನವರಿಗೇ ಹಲವರಿಗೆ ಜ್ವರ ತಗಲಿತ್ತು. ಬೇಕೆಂದೇ ತಂದವರು ಸ್ವಲ್ಪ ಹುಷಾರಾಗಿ ಇರುತ್ತಿದ್ದರು ಅಲ್ವಾ?

ಪ್ರ: ನಮ್ಮ ಅತ್ತೆಗೆ ಸರ್ಪಸುತ್ತು ಆಗಿತ್ತು. ಡಾಕ್ಟರು ಅಸೈಕ್ಲೋವಿರ್ ಮಾತ್ರೆ ದಿನಕ್ಕೆ ಐದು ಸಲ ಕೊಟ್ಟರು. ಐದು ಸಲ ಯಾಕೆ? ಈ ಮಾತ್ರೆ ಕಂಡುಹಿಡಿದವರು ಯಾರು?
(ಗೃಹಿಣಿಯೊಬ್ಬರು, ಹಾಸನ)

ಉ: ಎರಡನೇ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಒಂದು ಲೋಟ ಕಾಫಿ ಬಾಕಿ. ಈ ಮಾತ್ರೆಯ ಹಿಂದಿರುವ ಗರ್ಟ್ರೂಡ್ ಎಲಿಯನ್ ಬಗ್ಗೆ ಬರೆಯಲು ನಾನು ನೆಪ ಹುಡುಕುತ್ತಿದ್ದೆ.

1918ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಇವರಿಗೆ ಹದಿನೈದು ವರ್ಷವಾಗಿದ್ದಾಗ ಅಜ್ಜ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಹೋದರು. ಕೆಮಿಸ್ಟ್ರಿ ಹಿಡಿದದ್ದು ಆ ಸಂಕಟದಲ್ಲಿ. 1937ರಲ್ಲಿ ಡಿಗ್ರಿ ಮುಗಿಸಿದರು. ಅಂಕ ಎಷ್ಟೇ ಚೆನ್ನಾಗಿದ್ದರೂ ಲ್ಯಾಬ್‌ಗಳಲ್ಲಿ ಹೆಂಗಸರಿಗೆ ಕೆಲಸ ಇಲ್ಲ. ಒಂದು ಕಡೆಯಂತೂ, ನೀನು ಬಂದರೆ ಗಂಡಸರ ಗಮನ ಬೇರೆಡೆ ಹೋಗುತ್ತದೆ ಎಂದು ವಾಪಸ್ ಕಳಿಸಿದರು. ಇನ್ನೊಂದು ಲ್ಯಾಬ್‌ಗೆ ಮೊದಲು ಸಂಬಳವಿಲ್ಲದೆ ಸೇರಿದರು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ, ರಾತ್ರಿ ಮತ್ತು ರಜಾ ದಿನಗಳಲ್ಲಿ ಪ್ರಯೋಗ ಮಾಡಿ 1941ರಲ್ಲಿ ಎಂ.ಎಸ್ಸಿ. ಮುಗಿಸಿದರು. ಆಮೇಲೆ ಸಿಕ್ಕ ಕೆಲಸ ಒಂದು ಅಂಗಡಿ ಸರಣಿಯ ಆಹಾರದ ಲ್ಯಾಬ್‌ನಲ್ಲಿ. ಉಪ್ಪಿನಕಾಯಿಯ ಹುಳಿ ಎಷ್ಟಿದೆ ಎಂದು ಅಳೆಯುವುದು, ಮೇಯನೇಸ್‌ಗೆ ಹಾಕುವ ಮೊಟ್ಟೆಯ ಹಳದಿಯ ಬಣ್ಣ ನೋಡುವುದು. ಅಷ್ಟರಲ್ಲಿ ಮದುವೆ ಆಗಬೇಕಿದ್ದ ಹುಡುಗ ಹೃದಯದ ಸೋಂಕಿನಿಂದ ಸತ್ತುಹೋಗಿದ್ದ. ಪೆನಿಸಿಲಿನ್ ಕೆಲವೇ ವರ್ಷ ಮೊದಲು ಬಂದಿದ್ದರೆ ಉಳಿಯುತ್ತಿದ್ದ ಕಾಯಿಲೆ ಅದು.

ಯುದ್ಧಕ್ಕೆ ಗಂಡಸರೆಲ್ಲ ಹೋಗಿ ಲ್ಯಾಬ್‌ಗಳು ಖಾಲಿಯಾದಾಗ ಬಾಗಿಲು ತೆರೆಯಿತು. 1944ರಲ್ಲಿ ಬರೋಸ್ ವೆಲ್‌ಕಮ್ ಔಷಧ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಕೈಕೆಳಗೆ ಸೇರಿದರು. ಪಿಎಚ್‌.ಡಿ.ಗೆ ಸಂಜೆ ಕ್ಲಾಸಿಗೆ ಹೋಗುತ್ತಿದ್ದರು. ಪೂರ್ಣಾವಧಿ ಬರದಿದ್ದರೆ ಬೇಡ ಎಂದರು ಕಾಲೇಜಿನವರು. ಕೆಲಸ ಬಿಡಲಿಲ್ಲ, ಪಿಎಚ್‌.ಡಿ. ಬಿಟ್ಟರು. ಓದಿ ಪಡೆದ ಡಾಕ್ಟರೇಟ್ ಕೊನೆಯವರೆಗೂ ಇರಲಿಲ್ಲ.

ಹಿಚಿಂಗ್ಸ್ ಮತ್ತು ಎಲಿಯನ್ ಹಿಡಿದ ದಾರಿ ಹೊಸದು. ಆ ಕಾಲದಲ್ಲಿ ಸಿಕ್ಕಸಿಕ್ಕ ರಾಸಾಯನಿಕವನ್ನೆಲ್ಲ ಇಲಿಗೆ ಕೊಟ್ಟು ನೋಡುವುದೇ ರೂಢಿ. ಇವರು ಮೊದಲು ಕೇಳಿದ್ದು: ರೋಗದ ಜೀವಕೋಶ ತನ್ನ ಡಿಎನ್‌ಎ ಕಟ್ಟಿಕೊಳ್ಳಲು ಏನು ಬಳಸುತ್ತದೆ? ಅದರಂತೆಯೇ ಕಾಣುವ ನಕಲಿ ಸಾಮಾನು ಕೊಟ್ಟರೆ ಹೇಗೆ? ಹೀಗೆ ಬಂದದ್ದು 6-ಮರ್ಕ್ಯಾಪ್ಟೊಪ್ಯೂರಿನ್. ಮಕ್ಕಳ ರಕ್ತ ಕ್ಯಾನ್ಸರ್‌ಗೆ 1953ರಲ್ಲಿ ಒಪ್ಪಿಗೆ ಸಿಕ್ಕಿತು, ಇವತ್ತಿಗೂ ಕೊಡುತ್ತಾರೆ. ಅದರ ಬೆನ್ನಿಗೇ ಕಿಡ್ನಿ ಕಸಿ ಮಾಡಿದವರಿಗೆ ಅಜಥಯೋಪ್ರಿನ್, ಗೌಟ್ ಕಾಲುನೋವಿಗೆ ಅಲೊಪ್ಯೂರಿನಾಲ್. ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಈ ಹೆಂಗಸಿನ ಕೈ ತಾಗಿದ ಮಾತ್ರೆ ಇಲ್ಲದ ಕಪಾಟು ಸಿಗುವುದು ಕಷ್ಟ.

ಅಸೈಕ್ಲೋವಿರ್ 1970ರ ದಶಕದ ಫಲ. ಅವರ ತಂಡದ ಜೊತೆ ಹೊವರ್ಡ್ ಶೇಫರ್ ಎಂಬ ರಸಾಯನ ವಿಜ್ಞಾನಿಯ ಪಾಲೂ ದೊಡ್ಡದು. ಇದರ ಉಪಾಯ ನೋಡಿ. ಮಾತ್ರೆ ಮೈತುಂಬಾ ಹರಿದಾಡಿದರೂ ಒಳ್ಳೆಯ ಜೀವಕೋಶದಲ್ಲಿ ಸುಮ್ನೆ ಬಿದ್ದಿರುತ್ತದೆ. ಅದನ್ನು ಎಬ್ಬಿಸಲು ಬೇಕಾದ ಕಿಣ್ವ ಇರುವುದು ಹರ್ಪಿಸ್ ಜಾತಿಯ ವೈರಸ್ ಹತ್ತಿರ. ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ ಅದು ಎದ್ದು, ವೈರಸ್ ಕಟ್ಟುತ್ತಿರುವ ಡಿಎನ್‌ಎ ಸರಪಳಿಯೊಳಗೆ ಸೇರಿಕೊಳ್ಳುತ್ತದೆ. ಹಿಂದೆ ಕೊಂಡಿಯೇ ಇಲ್ಲದ ರೈಲು ಬೋಗಿ ಇದ್ದ ಹಾಗೆ. ಅದರಾಚೆಗೆ ಇನ್ನೊಂದು ಬೋಗಿ ಸೇರಿಸಲು ಆಗುವುದಿಲ್ಲ, ಸರಪಳಿ ಅಲ್ಲಿಗೆ ನಿಂತಿತು. ಶತ್ರುವೇ ತನ್ನ ಕೈಯಾರೆ ವಿಷ ಕಲಸಿಕೊಂಡಂತಾಯಿತು. ವೈರಸ್‌ಗೆ ಔಷಧ ಕೊಟ್ಟರೆ ಮನುಷ್ಯನೇ ಸಾಯುತ್ತಾನೆ ಎಂದು ನಂಬಿದ್ದ ಕಾಲದಲ್ಲಿ ಇದು ದೊಡ್ಡ ಸಂಗತಿ.

ಇನ್ನು ಐದು ಸಲ ಯಾಕೆ. ನುಂಗಿದ ಮಾತ್ರೆಯಲ್ಲಿ ಐದನೇ ಒಂದು ಭಾಗದಷ್ಟು ರಕ್ತಕ್ಕೆ ಸೇರಿದರೆ ಜಾಸ್ತಿ. ಸೇರಿದ್ದೂ ಮೂರು ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮತ್ತೆ ಮತ್ತೆ ತುಂಬಬೇಕು. ಇದರದ್ದೇ ಸುಧಾರಿಸಿದ ರೂಪ ವಾಲಸೈಕ್ಲೋವಿರ್, ಅದು ಮೂರು ಸಲ ಸಾಕು. ಎರಡೂ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಕೆಮ್ಮಣ್ಣು ಬಳಿಸಿಕೊಳ್ಳಲು ಹೋಗುವವರನ್ನು ನಾನು ಬೈಯುವುದಿಲ್ಲ. ಆದರೆ ಬಳಿದ ಮಣ್ಣು ಒಣಗುವುದನ್ನು ಕಾಯುತ್ತಾ ಆ ಮೂರು ದಿನ ಕಳೆದುಕೊಳ್ಳಬೇಡಿ.

ಎಲಿಯನ್ 1983ರಲ್ಲಿ ನಿವೃತ್ತರಾದರು. ಅವರು ತಯಾರು ಮಾಡಿದ ತಂಡವೇ ಎಚ್‌ಐವಿಗೆ ಮೊದಲ ಔಷಧ ಎಜಡ್‌ಟಿ ತಂದದ್ದು, 1987ರಲ್ಲಿ. ಮರುವರ್ಷ ಎಲಿಯನ್‌ಗೆ ನೊಬೆಲ್ ಬಂತು.

ಪ್ರ: ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವುದು ನಮ್ಮ ಮನೆಯ ಪದ್ಧತಿ. ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರಾ, ಅಥವಾ ಹಳ್ಳಿ ಮದ್ದು ಎಂದು ಮೂಗು ಮುರಿದರಾ?
(ನಿವೃತ್ತ ಶಿಕ್ಷಕರು, ಶಿರಸಿ)

ಉ: ಮೂಗು ಮುರಿಯಲಿಲ್ಲ ಮೇಷ್ಟ್ರೇ. ನೊಬೆಲ್ ಪಡೆದವರೇ ಕೈಹಾಕಿದ್ದರು.

ಬರೂಕ್ ಬ್ಲಂಬರ್ಗ್ ಅಮೆರಿಕದವರು. ಕಾಮಾಲೆ ಅವರ ವಿಷಯವೇ ಆಗಿರಲಿಲ್ಲ. ಬೇರೆಬೇರೆ ಜನಾಂಗದವರ ರಕ್ತದಲ್ಲಿ ಏನೇನು ವ್ಯತ್ಯಾಸ ಎಂದು ಹುಡುಕುತ್ತಿದ್ದರು. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ವಿಚಿತ್ರವಾದ ಒಂದು ಪ್ರೋಟೀನ್ ಸಿಕ್ಕಿತು. ಅದೇನು ಎಂದು ವರ್ಷಗಳ ಕಾಲ ತಿಳಿಯಲಿಲ್ಲ. ಆಮೇಲೆ ಅವರ ಲ್ಯಾಬ್‌ನ ತಂತ್ರಜ್ಞೆ ಬಾರ್ಬರಾ ವೆರ್ನರ್ ಅವರಿಗೆ ಮೈ ಹುಷಾರು ತಪ್ಪಿತು. ತನ್ನ ರಕ್ತವನ್ನು ತಾನೇ ಪರೀಕ್ಷಿಸಿಕೊಂಡರು. ಮೊದಲು ಇರದಿದ್ದ ಆ ಪ್ರೋಟೀನ್ ಈಗ ಇದೆ! ಬೆನ್ನಿಗೇ ಕಾಮಾಲೆ ಕಾಣಿಸಿಕೊಂಡಿತು. ಹೆಪಟೈಟಿಸ್ ಬಿ ವೈರಸ್ಸಿನ ಹೊರಗವಚದ ತುಂಡು ಅದು ಎಂದು ಗೊತ್ತಾಗಲು ಈ ಸುಳಿವು ದೊಡ್ಡದಾಯಿತು. ನೀವು ಇವತ್ತು ರಕ್ತ ಪರೀಕ್ಷೆಯ ಚೀಟಿಯಲ್ಲಿ ನೋಡುವ ಎಚ್‌ಬಿಎಸ್‌ಎಜಿ ಅದೇ. ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು. ಮಗು ಹುಟ್ಟಿದ ದಿನವೇ ಹಾಕುವ ಹೆಪಟೈಟಿಸ್ ಬಿ ಲಸಿಕೆಯ ಬೇರೂ ಅಲ್ಲೇ ಇದೆ.

ಈ ಬ್ಲಂಬರ್ಗ್ ಮತ್ತು ಮದ್ರಾಸ್ ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ತಂಡ ಸೇರಿ ನೆಲನೆಲ್ಲಿಯನ್ನು ಹಿಡಿದರು. ಎಲೆಯ ಅಡಿಯಲ್ಲಿ ಸಾಲಾಗಿ ಪುಟ್ಟ ಹಸಿರು ಕಾಯಿ ಬಿಡುತ್ತದಲ್ಲ, ಅದೇ. ಒಣಗಿಸಿ ಪುಡಿ ಮಾಡಿ ಕ್ಯಾಪ್ಸೂಲ್‌ನಲ್ಲಿ ತುಂಬಿ, ವೈರಸ್ ಮೈಯಲ್ಲೇ ಉಳಿದುಬಿಟ್ಟವರಿಗೆ 30 ದಿನ ಕೊಟ್ಟರು. ಜೊತೆಗೆ ಇನ್ನೊಂದು ಗುಂಪಿಗೆ ಮದ್ದಿಲ್ಲದ ಖಾಲಿ ಕ್ಯಾಪ್ಸೂಲ್. 1988ರಲ್ಲಿ ಫಲಿತಾಂಶ ಪ್ರಕಟವಾಯಿತು. ನೆಲನೆಲ್ಲಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ಆ ಪ್ರೋಟೀನ್ ಮಾಯ. ಇನ್ನೊಂದು ಗುಂಪಿನ 23ರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ನಾವೂ ಆಗ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ಆಮೇಲೆ? ಥಾಯ್ಲೆಂಡಿನವರು ಮಾಡಿ ನೋಡಿ 1990ರಲ್ಲಿ ಬರೆದರು, ಆಗಲಿಲ್ಲ. ನ್ಯೂಜಿಲೆಂಡಿನಲ್ಲೂ ಆಗಲಿಲ್ಲ. ಗಿಡದ ತಳಿ ಬೇರೆ, ಮಣ್ಣು ಬೇರೆ, ಕಿತ್ತ ಕಾಲ ಬೇರೆ ಎಂಬ ವಾದಗಳು ಬಂದವು. ಅದರಲ್ಲಿ ಸತ್ವ ಇಲ್ಲದೆ ಇಲ್ಲ, ಗಿಡವೆಂದರೆ ಒಂದೇ ಅಳತೆಯ ಮಾತ್ರೆ ಅಲ್ಲವಲ್ಲ. ಆದರೂ ಮೊದಲಿನ ಆ ಫಲಿತಾಂಶ ಬೇರೆಯವರ ಕೈಯಲ್ಲಿ ಮರುಕಳಿಸಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತ್ಯಾಗರಾಜನ್ ತಂಡಕ್ಕೆ ಎಷ್ಟು ಗೌರವವೋ ಥಾಯ್ಲೆಂಡಿನ ತಂಡಕ್ಕೂ ಅಷ್ಟೇ ಸಲ್ಲಬೇಕು. 'ಆಗಲಿಲ್ಲ' ಎಂದು ಬರೆದವರಿಗೆ ಯಾರೂ ಹಾರ ಹಾಕುವುದಿಲ್ಲ.

ಮತ್ತೆ ನಿಮ್ಮ ಮನೆಯವರಿಗೆ ವಾಸಿಯಾಯಿತಲ್ಲ? ಮನೆಮನೆಗೆ ಬರುವ ಕಾಮಾಲೆ ಬಹುಪಾಲು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಆರೋಗ್ಯವಂತರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಏನು ಕೊಟ್ಟಿರುತ್ತೀರೋ ಕೀರ್ತಿ ಅದಕ್ಕೆ. ಗರ್ಭಿಣಿಯರಿಗೆ ಮಾತ್ರ ಇ ಜಾತಿಯದು ಪ್ರಾಣಾಪಾಯ. ಅಂಥವರನ್ನು ಮಜ್ಜಿಗೆ ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಮೈಯಲ್ಲೇ ಉಳಿಯುವ ಹೆಪಟೈಟಿಸ್ ಬಿಗೆ ಈಗ ಟೆನೋಫೋವಿರ್ ಇದೆ. ಅದನ್ನು ಕೊಟ್ಟವರು ಪ್ರಾಗ್‌ನ ಆಂಟೊನಿನ್ ಹೋಲಿ ಮತ್ತು ಬೆಲ್ಜಿಯಂನ ಎರಿಕ್ ಡಿ ಕ್ಲರ್ಕ್. ಹೋಲಿ ಇದ್ದದ್ದು ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ. ಅವರು ಹೊಸ ಸಂಯುಕ್ತ ತಯಾರಿಸಿ ಕಳಿಸುವುದು, ಇವರು ವೈರಸ್ ಮೇಲೆ ಹಾಕಿ ನೋಡುವುದು, ಹೀಗೆ ಗಡಿಯಾಚೆ ಈಚೆ ದಶಕಗಟ್ಟಲೆ ಜೊತೆಯಾಟ ನಡೆಯಿತು.

ಪ್ರ: ಚೀನಾದ ನಾಟಿ ಮದ್ದಿಗೆ ನೊಬೆಲ್ ಬಂತಂತೆ. ನಮ್ಮ ಆಯುರ್ವೇದಕ್ಕೆ ಯಾಕಿಲ್ಲ?
(ಓದುಗರು, ತುಮಕೂರು)

ಉ: ನೊಬೆಲ್ ಬಂದದ್ದು ನಾಟಿ ಮದ್ದಿಗಲ್ಲ, ಅದರಿಂದ ಬೇರ್ಪಡಿಸಿದ ಒಂದೇ ಒಂದು ಸಂಯುಕ್ತಕ್ಕೆ. ಚೀನಾದ ವಿಜ್ಞಾನಿ ತೂ ಯೂಯೂ ಅವರ ತಂಡ ಮಲೇರಿಯಾಗೆ ಮದ್ದು ಹುಡುಕುತ್ತಾ ಸಾವಿರಾರು ಹಳೆಯ ಯೋಗಗಳನ್ನು ಜಾಲಾಡಿತು. ಒಂದು ಗಿಡದ ಕಷಾಯ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಹದಿನಾರು ಶತಮಾನ ಹಿಂದಿನ ಒಂದು ವೈದ್ಯ ಬರಹದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಿತ್ತು. ಕುದಿಸಿ ಎಂದಿರಲಿಲ್ಲ. ಬಿಸಿಗೆ ಸತ್ವ ಕೆಡುತ್ತಿದೆಯೇನೋ ಎಂದು ಕಡಿಮೆ ಶಾಖದಲ್ಲೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರಲ್ಲಿ ತೆಗೆದ 191ನೇ ಮಾದರಿ ಇಲಿಗಳಲ್ಲಿ ಪೂರ್ತಿ ಕೆಲಸ ಮಾಡಿತು. ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು. ಆ ಸಾರದಿಂದ ಬೇರ್ಪಡಿಸಿದ್ದೇ ಆರ್ಟಿಮಿಸಿನಿನ್. ನೊಬೆಲ್ ಬಂದದ್ದು 2015ರಲ್ಲಿ. ಈಕೆಗೂ ಪಿಎಚ್‌.ಡಿ. ಇಲ್ಲ ನೋಡಿ.

ಪ್ರ: ಕೇರಳದ ನಿಪಾ ವೈರಸ್ ಪತ್ತೆ ಮಾಡಿದ್ದು ನಮ್ಮ ಮಣಿಪಾಲ ಎಂಬುದು ನಿಜವಾ?
(ಕಾಲೇಜು ವಿದ್ಯಾರ್ಥಿ, ಕುಂದಾಪುರ)

ಉ: 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ವೈದ್ಯರಿಗೆ ಅನುಮಾನ ಬಂತು, ಒಂದೇ ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಮಿದುಳು ಜ್ವರ ಎಂದು. ಮಾದರಿ ಬಂದದ್ದು ಜಿ. ಅರುಣ್‌ಕುಮಾರ್ ನಡೆಸುತ್ತಿದ್ದ ಮಣಿಪಾಲದ ಲ್ಯಾಬ್‌ಗೆ. ಅಲ್ಲಿ ನಿಪಾ ಎಂದು ಗೊತ್ತಾಯಿತು, ಪುಣೆಯವರು ಖಚಿತಪಡಿಸಿದರು. ಎರಡನೇ ರೋಗಿಯಲ್ಲೇ ಹಿಡಿದದ್ದು ದೊಡ್ಡ ವಿಷಯ.

ಆದರೆ ವೈರಸ್ಸನ್ನೇ ಮೊದಲು ಕಂಡವರು ಮಲೇಷ್ಯಾದ ಕೌ ಬಿಂಗ್ ಚುವಾ. 1998–99ರಲ್ಲಿ ಅಲ್ಲಿ ಹಂದಿ ಸಾಕುವವರು ಸಾಯುತ್ತಿದ್ದರು. ಎಲ್ಲರೂ ಜಪಾನೀಸ್ ಮಿದುಳು ಜ್ವರ ಎಂದು ಸೊಳ್ಳೆಗೆ ಹೊಗೆ ಹಾಕುತ್ತಿದ್ದರು. ಸೊಳ್ಳೆ ಕಾಯಿಲೆಯಾದರೆ ಮಕ್ಕಳು ಮೊದಲು ಬೀಳಬೇಕಿತ್ತು. ಬೀಳುತ್ತಿದ್ದವರು ಹಂದಿ ಮುಟ್ಟುವ ಗಟ್ಟಿಮುಟ್ಟು ಗಂಡಸರು, ಲಸಿಕೆ ಹಾಕಿಸಿಕೊಂಡವರೂ. ಚುವಾ ಬೆಳೆಸಿದ ವೈರಸ್ ಬೇರೆಯೇ ಆಗಿತ್ತು. ಅದನ್ನು ತಾವೇ ವಿಮಾನದಲ್ಲಿ ಅಮೆರಿಕಕ್ಕೆ ಒಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಂದ ಮೇಲೆ ಕಾಯಿಲೆ ನಿಂತಿತು.

ಪ್ರ: ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ವೈರಸ್ ಮೇಲೆ ಸಂಶೋಧನೆ ಮಾಡಬೇಕೆಂಬ ಆಸೆ. ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಡಾಕ್ಟರ್ ಆಗದೆ ಇದು ಸಾಧ್ಯವಾ? 'ಮೂವತ್ತರವರೆಗೂ ಓದ್ತಾ ಕೂರ್ತೀಯಾ, ಸಂಬಳ ಯಾವಾಗ' ಎನ್ನುತ್ತಾರೆ ಅಪ್ಪ.
(ವಿದ್ಯಾರ್ಥಿನಿ, ಬ್ಯಾಡಗಿ)

ಉ: ಸಾಧ್ಯ. ಮೇಲೆ ಬಂದವರನ್ನೇ ನೋಡಮ್ಮ. ಎಲಿಯನ್ ಕೆಮಿಸ್ಟ್ರಿಯವರು, ರಾಮಚಂದ್ರ ರಾವ್ ಕೀಟದವರು.

ದಾರಿ ಹೀಗಿದೆ. ಬಿ.ಎಸ್ಸಿ. ಮುಗಿಸಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಯಾವುದರಲ್ಲಾದರೂ ಎಂ.ಎಸ್ಸಿ. ಮಾಡು. ವೈರಾಲಜಿಯಲ್ಲೇ ಮಾಡಬೇಕೆಂದರೆ ಪುಣೆಯ ಎನ್‌ಐವಿ ಅಲ್ಲಿನ ವಿಶ್ವವಿದ್ಯಾಲಯದ ಜೊತೆ ಸೇರಿ ಎಂ.ಎಸ್ಸಿ. ನಡೆಸುತ್ತದೆ. ಆಮೇಲೆ ಸಿಎಸ್‌ಐಆರ್, ಐಸಿಎಂಆರ್ ಅಥವಾ ಡಿಬಿಟಿಯವರ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಪರೀಕ್ಷೆ. ಅದು ಸಿಕ್ಕರೆ ಪಿಎಚ್‌.ಡಿ. ಮಾಡುವಾಗಲೇ ಕೈಗೆ ಹಣ ಬರುತ್ತದೆ. 2023ರಲ್ಲಿ ಪರಿಷ್ಕರಿಸಿದ ಮೇಲೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ ಎಂಬ ಗೋಳೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಪಿಎಚ್‌.ಡಿ. ಬೇಡವೆನಿಸಿದರೆ ರೋಗ ಪತ್ತೆ ಮಾಡುವ ಲ್ಯಾಬ್‌ಗಳಿವೆ, ಲಸಿಕೆ ಕಂಪನಿಗಳಿವೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಸಾಲದು ಎಂದು ನಿಂತುಹೋಗಿದೆ, ಹೊಸದರ ಕೆಲಸ ನಡೆಯುತ್ತಿದೆ. ಅದಕ್ಕೆ ನೇರವಾಗಿ ನಾಟುವ ಔಷಧ ಇನ್ನೂ ಇಲ್ಲ. ಅಂದರೆ ನಿನ್ನ ಪಾಲಿನ ಕೆಲಸ ಬಾಕಿ ಇದೆ.

ಈಗ ಒಂದು ಕೆಲಸ ಮಾಡು. ಬರುವ ಬೇಸಿಗೆಯಲ್ಲಿ ಯಾವುದಾದರೂ ಲ್ಯಾಬ್‌ಗೆ ಬೇಸಿಗೆ ಪ್ರಾಜೆಕ್ಟ್‌ಗೆ ಅರ್ಜಿ ಹಾಕು. ಭಾರತೀಯ ವಿಜ್ಞಾನ ಅಕಾಡೆಮಿಯಂಥವರು ವಿದ್ಯಾರ್ಥಿಗಳಿಗಾಗಿ ಇದನ್ನು ನಡೆಸುತ್ತಾರೆ. ಅಲ್ಲಿ ನಿನಗೆ ಕೊಡುವುದು ಪಿಪೆಟ್ ಹಿಡಿಯುವ, ಚೀಟಿ ಅಂಟಿಸುವ, ಒಂದೇ ಪರೀಕ್ಷೆಯನ್ನು ಮೂರು ಸಲ ಮಾಡಿಸುವ ಕೆಲಸ. ಎರಡು ತಿಂಗಳು ಅದು ಬೇಜಾರಾಗದಿದ್ದರೆ ಮುಂದುವರಿ. ಬೇಜಾರಾದರೆ ಬೇರೆ ಕೆಲಸ ನೋಡು, ಅದರಲ್ಲಿ ಅವಮಾನ ಏನಿಲ್ಲ. ಅಪ್ಪನಿಗೆ ಆ 37,000ದ ಸಾಲನ್ನು ಓದಿ ಹೇಳು. ಅವರಿಗೆ ಇನ್ನೂ ಕೇಳುವುದಿದ್ದರೆ ಅವರೇ ಬರೆಯಲಿ, ಅವರ ಪತ್ರಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ.